ಲಾಭದ ಮುಂದೆ ಬಂದ ಸೊನ್ನೆ

ಗಿರಿಜಕ್ಕಾ, ಆ ದಿನ ಸಿದ್ದಾಪುರದ ರೈಸ್ ಮಿಲ್ಲಿನಲ್ಲಿ ನಿನ್ನ ಕಂಪ್ಯೂಟರ್ ಪ್ರೋಗ್ರಾಂ ಕೆಟ್ಟಿರಲಿಲ್ಲ. ಕೆಡಿಸಿದವನು ನಾನು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ನಿಂತೆ — ಇಲ್ಲ, ಅದೂ ಸುಳ್ಳು. ಬಾಯಿ ಮುಚ್ಚಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು. ಬಾಯಿಬಿಟ್ಟು ತಪ್ಪನ್ನು ನಿನ್ನ ತಲೆಗೆ ಕಟ್ಟಿದೆ.

ಕಾಲೇಜಿನಲ್ಲಿ ಲೆಕ್ಕದ ಪಾಠ ಮುಗಿಸಿ, ಗಂಗಾವತಿಯ ನನ್ನ ಕಂಪ್ಯೂಟರ್ ಅಂಗಡಿಗೆ ಬಂದು ಮೂಲೆಯ ಕುರ್ಚಿಯಲ್ಲಿ ಕೂರುತ್ತಿದ್ದೆ ನೀನು. ಮಿಲ್ಲುಗಳ ಕಂಪ್ಯೂಟರಿಗೆ ವಿಂಡೋಸಿನ ಬದಲು ನಾನು ಹಾಕಬೇಕೆಂದಿದ್ದ ಲಿನಕ್ಸಿಗೆಂದೇ ನೀನು ಅಕ್ಕಿ ತೂಕದ ಪ್ರೋಗ್ರಾಂ ಬರೆದೆ, ಎಲ್ಲವೂ ಕನ್ನಡದಲ್ಲಿ. ಯಾರು ಬೇಕಾದರೂ ಪುಕ್ಕಟೆ ಒಯ್ಯಬಹುದು, ಬಿಚ್ಚಿ ನೋಡಬಹುದು, ತಿದ್ದಿಕೊಳ್ಳಬಹುದು. ನಿಮ್ಮಪ್ಪ ಹಮಾಲರಾಗಿದ್ದವರು. "ಚೀಲ ಹೊತ್ತಾವ ತೂಕಾನ ತಾನ ಓದಬೇಕೋ ಮಂಜಾ. ಗುಮಾಸ್ತನ ಬಾಯಿ ಯಾಕ ನೋಡಬೇಕು?" ಎನ್ನುತ್ತಿದ್ದೆ ನೀನು. ಕಾಳು ಅಳೆಯುವಾಗ ನಮ್ಮವರು ಒಂದು ಎನ್ನುವುದಿಲ್ಲವಲ್ಲ — ಲಾಭ ಎಂದು ಶುರುಮಾಡಿ ಆಮೇಲೆ ಎರಡು ಎನ್ನುತ್ತಾರೆ. ನಿನ್ನ ಪ್ರೋಗ್ರಾಮಿನಲ್ಲೂ ಮೊದಲ ಚೀಲದ ಹೆಸರು ಲಾಭವೇ. ಸಿದ್ದಾಪುರದ ಆ ಒಂದು ಮಿಲ್ಲು ಒಪ್ಪಿದರೆ ಉಳಿದವರೂ ಒಪ್ಪುತ್ತಿದ್ದರು. ಒಬ್ಬರನ್ನು ನೋಡಿ ಒಬ್ಬರು ಮಾಡುವ ಜನ ನಾವು.

ಆದರೆ ನನಗೆ ಒಳಗೊಳಗೇ ಪುಕುಪುಕು. ಮಿಲ್ಲಿನವರಿಗೆ ರೂಢಿಯಾಗಿದ್ದುದು ವಿಂಡೋಸಿನ ಹಳೆಯ ಇಂಗ್ಲಿಷ್ ಪ್ರೋಗ್ರಾಂ. ಅದನ್ನು ಲಿನಕ್ಸಿನ ಮೇಲೂ ಓಡಿಸಲು ನಡುವೆ ಕೂರುವ ಒಂದು ಸಾಫ್ಟ್‌ವೇರ್ ಇತ್ತು. ಅದರ ಮಾತನ್ನು ಇದಕ್ಕೆ, ಇದರ ಮಾತನ್ನು ಅದಕ್ಕೆ ತಿಳಿಸುತ್ತದೆ ಎಂದು ಅಂಗಡಿಯಲ್ಲಿ ಅದಕ್ಕೆ ದುಭಾಷಿ ಎನ್ನುತ್ತಿದ್ದೆವು. ನೀನು ಬರುವ ಮುಂಚೆಯೇ ಮಿಲ್ಲಿಗೆ ಹೋಗಿ, ನಿನ್ನದು ಕೈಕೊಟ್ಟರೆ ಇರಲಿ ಎಂದು ದುಭಾಷಿಯನ್ನೂ ಹಳೆಯದನ್ನೂ ಹಾಕಿ ಓಡಿಸಿ ನೋಡಿದೆ. ಮುಚ್ಚುವುದನ್ನು ಮರೆತೆ. ತೂಕದ ಕಾಟಾದಿಂದ ಕಂಪ್ಯೂಟರಿಗೆ ಬರುವ ತಂತಿ ಒಂದೇ. ಹಳೆಯದು ಅದನ್ನು ಹಿಡಿದು ಕೂತಿತ್ತು. ನಿನ್ನದಕ್ಕೆ ತೂಕ ಬರುವುದಾದರೂ ಎಲ್ಲಿಂದ?

ಮೊದಲ ಚೀಲ ಕಾಟಾದ ಮೇಲೆ ಬಿತ್ತು. ಪರದೆಯ ಮೇಲೆ ದೊಡ್ಡದಾಗಿ ಲಾಭ, ಅದರ ಮುಂದೆ ಸೊನ್ನೆ.

"ಏನವಾ ಇದು! ಲಾಭದ ಮುಂದ ಸೊನ್ನಿ? ಚೀಲ ಎತ್ರೋ, ಎತ್ರಿ ಮೊದಲ!" ಮಿಲ್ಲಿನ ಸಾಹುಕಾರರ ಮುಖ ಕಪ್ಪಿಟ್ಟಿತು. ನನ್ನ ಕಡೆ ತಿರುಗಿ, "ಮಂಜಣ್ಣ, ಯಾರ ತಪ್ಪು ಇದು?" ಎಂದರು.

ನನಗೆ ಆ ಕ್ಷಣಕ್ಕೇ ಹೊಳೆದಿತ್ತು, ಅಕ್ಕಾ. ನನ್ನದು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನಿನಗೆ ಹೇಳದೆ ಹಳೆಯದನ್ನು ಹಾಕಿದ್ದು ಬಯಲಾಗುತ್ತಿತ್ತು, ಅಂಗಡಿಯ ಹೆಸರು —

"ಅಕ್ಕಂದು ಇನ್ನೂ ಹಸಿ ಐತ್ರಿ ಸಾಹುಕಾರ. ಹಳೇದ ಓಡಿಸಿ ತೋರಸ್ತೀನಿ, ತಡೀರಿ" ಎಂದೆ. ಥೂ ನನ್ನ ನಾಲಿಗೆ! ಹಳೆಯದರಲ್ಲಿ ತೂಕ ತಟ್ಟನೆ ಬಂತು. ಎಲ್ಲರೂ ಉಸಿರುಬಿಟ್ಟರು. ನೀನು ಸೆರಗು ಸರಿಮಾಡಿಕೊಳ್ಳುತ್ತ, "ನನ್ನ ಕಡೆನ ಏನೋ ತಪ್ಪಿರಬೇಕು ತಗೋ" ಎಂದೆ. ಮುಂದೆ ಎಷ್ಟೋ ತಿಂಗಳು ನೀನು ಅಂಗಡಿಯ ಅದೇ ಮೂಲೆಯಲ್ಲಿ ಕೂತು ಇಲ್ಲದ ತಪ್ಪನ್ನು ಹುಡುಕಿದೆ. ನಾನು ನಿನಗೆ ಚಹಾ ತರಿಸಿಕೊಟ್ಟೆ.

ಆಮೇಲೆ ನೀನು ಬರೆಯುವುದನ್ನೇ ಬಿಟ್ಟೆ, ಕುಷ್ಟಗಿಗೆ ವರ್ಗವಾಗಿ ಹೋದೆ. ನಾನು ಮಿಲ್ಲಿನಿಂದ ಮಿಲ್ಲಿಗೆ ಲಿನಕ್ಸನ್ನೂ ದುಭಾಷಿಯನ್ನೂ ಹೊತ್ತುಕೊಂಡು ತಿರುಗಿದೆ. ಹಳೆಯದೇ ಓಡುವಾಗ ಲಿನಕ್ಸಿನದೇ ಆದದ್ದನ್ನು ಯಾರು ಕೇಳುತ್ತಾರೆ, ಯಾರು ಬರೆಯುತ್ತಾರೆ? ಕೊನೆಗೆ ಹಳೆಯ ಪ್ರೋಗ್ರಾಮಿನ ಹೊಸ ಆವೃತ್ತಿ ಬಂತು. ದುಭಾಷಿಗೆ ಅದರ ಮಾತು ತಿಳಿಯಲಿಲ್ಲ. "ಇಲ್ಲಿ ಓಡೋದೆಲ್ಲ ವಿಂಡೋಸಿಂದೇ ಆದ್ರ ವಿಂಡೋಸ ಹಾಕಪಾ, ನಿನ್ನ ಲಿನಕ್ಸ್ ಯಾಕ ಬೇಕು?" ಎಂದರು ಮಿಲ್ಲಿನವರು. ಲಿನಕ್ಸಿನಲ್ಲಿ ಮಾತ್ರ ಸಿಗುವಂಥದ್ದು ಒಂದಿತ್ತು, ನಿನ್ನ ಪ್ರೋಗ್ರಾಂ — ಅದನ್ನು ನಾನೇ ಕೊಂದಿದ್ದೆ. ನಾನೇ ಹಾಕಿದ್ದ ಲಿನಕ್ಸನ್ನು ನನ್ನ ಕೈಯಿಂದಲೇ ಎಲ್ಲ ಮಿಲ್ಲುಗಳಿಂದ ಅಳಿಸಿದೆ. ನವಲಿಯ ಮಿಲ್ಲು ಕೊನೆಯದು. ಅಲ್ಲಿ ಒಬ್ಬ ಹಮಾಲ ಚೀಲ ಇಳಿಸಿ, ಪರದೆಯ ಕಡೆ ನೋಡದೆ, "ಎಷ್ಟ್ ಬಂತ್ರೀ?" ಎಂದು ಗುಮಾಸ್ತನನ್ನು ಕೇಳಿದ. ನಾನು ಚೀಲ ಎತ್ತಿಕೊಂಡು ಹೊರಗೆ ಬಂದೆ — ನನ್ನ ಸಾಮಾನಿನ ಚೀಲ.

ದುಭಾಷಿಯದೇನೂ ತಪ್ಪಿಲ್ಲ. ನಿನ್ನದು ಬೇರೂರುವವರೆಗೆ ಅದನ್ನು ಆಸರೆಗೆ ಇಟ್ಟುಕೊಳ್ಳಬಹುದಿತ್ತು. ನಾನು ಅದನ್ನೇ ಮನೆ ಎಂದು ಮಾರಿದೆ.

ಮೊನ್ನೆ ಕುಷ್ಟಗಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ನೀನು ನಗುತ್ತಲೇ ಕೇಳಿದೆ: "ಆ ಸೊನ್ನಿ ಯಾಕ ಬಂತು ಅಂತ ಇನ್ನೂ ತಿಳಿವಲ್ದು ನೋಡೋ ಮಂಜಾ." ಬಸ್ಸು ಬಂತೆಂದು ಸುಳ್ಳು ಹೇಳಿ ಓಡಿದೆ. ಅಂಗಡಿಗೆ ಬಂದು ನಿನ್ನ ಪ್ರೋಗ್ರಾಮನ್ನು ಹುಡುಕಿ ತೆಗೆದು, ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಕಾಟಾಕ್ಕೆ ಜೋಡಿಸಿ, ಬೇರೆಲ್ಲ ಮುಚ್ಚಿ, ಒಂದು ಚೀಲ ಇಟ್ಟೆ. ಲಾಭ ಎಂದಿತು, ಮುಂದೆ ತೂಕ ಸರಿಯಾಗಿ ಬಂತು. ನಾನು ಅತ್ತೆ.

ನಾಳೆ ಸಿದ್ದಾಪುರಕ್ಕೆ ಹೋಗಿ ಸಾಹುಕಾರರ ಎದುರು, ಹಮಾಲರಿಗೆ ಕೇಳುವಂತೆ ಇದನ್ನು ಹೇಳುತ್ತೇನೆ. ಅದರಿಂದ ಏನೂ ಮರಳಿ ಬರುವುದಿಲ್ಲ. ಕ್ಷಮಿಸು ಎನ್ನುವ ಮುಖ ನನಗಿಲ್ಲ. ನೀನು ಮಾತ್ರ ಇನ್ನು ಆ ತಪ್ಪನ್ನು ಹುಡುಕಬೇಡಕ್ಕಾ. ಅದು ನಿನ್ನಲ್ಲಿ ಇರಲೇ ಇಲ್ಲ.