ಗುಟ್ಟಿನ ಆಟಕ್ಕೆ ಏಳು ಮಂದಿ

ಹುಬ್ಬಳ್ಳಿ-ಧಾರವಾಡದ ನಡುವಿನ ರಸ್ತೆಯನ್ನು ಅಗಲ ಮಾಡಲೆಂದು ಅಗೆದು ಹಾಕಿದ್ದ ಕಾಲವದು. ಬಸ್ಸಿನಿಂದ ಇಳಿದವರ ಹುಬ್ಬಿನ ಮೇಲೂ ಧೂಳು ಕೂತಿರುತ್ತಿತ್ತು. ನಾನು ಆಗ ಒಂಬತ್ತನೆಯ ತರಗತಿ. ಗೋಕುಲ ರಸ್ತೆಯಿಂದ ಒಳಗೆ ತಿರುಗುವ ನಮ್ಮ ಓಣಿಯಲ್ಲಿ ಆ ವರ್ಷ ಡಾಕ್ಟರಾಗಬೇಕಾದ ಮಕ್ಕಳ ಬೆಳೆ ಹುಲುಸಾಗಿ ಬಂದಿತ್ತು. ನಿಮ್ಮ ಓಣಿಯಲ್ಲೂ ಬಂದಿರಬೇಕು, ನೆನಪು ಮಾಡಿಕೊಳ್ಳಿ.

ಓದುವುದನ್ನು ಎಲ್ಲರೂ ಓದುತ್ತಾರೆ, ಓದಿನ ಜೊತೆಗೆ ಇನ್ನೇನು ಕಲಿತರೆ ಮೆಡಿಕಲ್ ಸೀಟಿನ ಬಾಗಿಲು ತುಸು ಸಡಿಲವಾದೀತು ಎಂಬುದೇ ಮನೆಮನೆಯ ಚಿಂತೆ. ಆದರೆ ಯಾರೂ ಅದನ್ನು ಬಾಯಿಬಿಟ್ಟು ಮಾತಾಡುತ್ತಿರಲಿಲ್ಲ. ಗೊತ್ತಿದ್ದವರು ಸುಮ್ಮನಿರುತ್ತಿದ್ದರು, ಗೊತ್ತಿಲ್ಲದವರು ಗೊತ್ತಿದ್ದವರ ಹಾಗೆ ಸುಮ್ಮನಿರುತ್ತಿದ್ದರು. ಎದುರು ಮನೆಯ ದೇಸಾಯಿ ಕಾಕು ಅವರ ಮಗಳು ಮೇಘನಾ ದಿನಾ ಸಂಜೆ ಹೆಗಲಿಗೆ ಚೀಲ ಹಾಕಿಕೊಂಡು ಎಲ್ಲಿಗೋ ಹೊರಡುತ್ತಿದ್ದಳು. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಕಿಟಕಿಯಿಂದ ಆ ಚೀಲದ ಆಕಾರ ನೋಡುತ್ತಿದ್ದಳು. ಉದ್ದವಿಲ್ಲ, ಅಂದರೆ ಬ್ಯಾಡ್ಮಿಂಟನ್ ಅಲ್ಲ. ಭಾರವಿಲ್ಲ, ಅಂದರೆ ಸ್ಕೇಟಿಂಗ್ ಅಲ್ಲ. ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟಳು. ಕಾಕು ನಕ್ಕು, ಏನಿಲ್ಲ, ಸುಮ್ಮನೆ ಗೆಳತಿಯ ಮನೆಗೆ ಹೋಗುತ್ತಾಳೆ ಅಂದರಂತೆ. ಆ ‘ಸುಮ್ಮನೆ’ ಅವ್ವನ ನೆಮ್ಮದಿ ಕೆಡಿಸಿತು.

ನನಗೇನು ಕಲಿಸಬೇಕೆಂಬುದು ಆ ಬೇಸಿಗೆಯಿಡೀ ಚರ್ಚೆಯಾಯಿತು. ನನಗೂ ಡಾಕ್ಟರಾಗುವ ಆಸೆಯಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ನನ್ನನ್ನು ಯಾರೂ ಕೇಳಲಿಲ್ಲ. ಸಂಗೀತ ಬೇಡವಾಯಿತು, ಹಾಡುವವರಿಗೆ ಸೀಟು ಯಾರು ಕೊಡುತ್ತಾರೆ? ಚೆಸ್ ಮನೆಗೊಬ್ಬರು ಆಡುತ್ತಿದ್ದರು. ಸ್ಕೌಟ್ಸ್ ಆ್ಯಂಡ್ ಗೈಡ್ಸ್ ಸೇರಿದರೆ ಒಳ್ಳೆಯದು ಎಂದು ಸ್ವತಃ ದೇಸಾಯಿ ಕಾಕು ಅವರೇ ಸಲಹೆ ಕೊಟ್ಟದ್ದರಿಂದ ಅದರಲ್ಲಿ ಏನೂ ಇಲ್ಲವೆಂದು ಅವ್ವ ಅವತ್ತೇ ತೀರ್ಮಾನಿಸಿದಳು.

ಅಪ್ಪ ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಒಂದು ಸಂಜೆ ಬಂದವನೇ ಕಿಟಕಿ ಮುಚ್ಚಿ, ಫ್ಯಾನ್ ಜೋರು ಮಾಡಿ, ತಗ್ಗಿದ ದನಿಯಲ್ಲಿ ಹೇಳಿದ. ನೆಟ್‌ಬಾಲ್ ಎಂಬ ಆಟವಿದೆಯಂತೆ. ಹೆಣ್ಣುಮಕ್ಕಳದು. ನಮ್ಮ ಕಡೆ ಆಡುವವರೇ ಕಡಿಮೆ, ಹಾಗಾಗಿ ಜಿಲ್ಲೆ, ರಾಜ್ಯ ಎಂದು ಲಗೂನೆ ಮೇಲೆ ಹೋಗಬಹುದು. ಮೇಲೆ ಹೋದರೆ ಕ್ರೀಡಾ ಕೋಟಾದಲ್ಲಿ ಸೀಟು. ಹೇಳಿದವರು ಅಪ್ಪನ ಜೊತೆ ಕೆಲಸ ಮಾಡುವ ಗೆಳೆಯರೊಬ್ಬರು. ಇಷ್ಟು ದೊಡ್ಡ ಗುಟ್ಟನ್ನು ನಿಮಗೇಕೆ ಹೇಳಿದರು ಎಂದು ಅವ್ವ ಹುಬ್ಬುಗಂಟಿಕ್ಕಿದಳು. ಅವರಿಗೆ ಇಬ್ಬರೂ ಗಂಡುಮಕ್ಕಳು ಎಂದು ಅಪ್ಪ ವಿವರಿಸಿದ ಮೇಲೆಯೇ ಅವಳಿಗೆ ಸಮಾಧಾನವಾದದ್ದು.

ಮರುದಿನ ದುರ್ಗದಬೈಲು ಪೇಟೆಗೆ ಹೋಗಿ ಬೂಟು ಮತ್ತು ಚೆಂಡು ತಂದೆವು. ಓಣಿಗೆ ಬರುವ ಮೊದಲು ಅವ್ವ ಚೆಂಡನ್ನು ಕೈಚೀಲದ ತಳಕ್ಕೆ ಹಾಕಿ ಮೇಲೆ ಮೆಂತ್ಯದ ಸಿವುಡು ಮುಚ್ಚಿದಳು. ಆಮೇಲೆ ಎಷ್ಟೋ ದಿನ ಆ ಚೆಂಡಿಗೆ ಮೆಂತ್ಯದ ವಾಸನೆ ಇತ್ತು.

ನಮ್ಮ ಸಾಲೆಯ ಪಿ.ಟಿ. ಸರ್ ಸಂತೋಷದಿಂದ ಒಪ್ಪಿದರು. ಒಪ್ಪಿ, ಉಳಿದ ಆರು ಮಂದಿ ಎಲ್ಲಿ ಎಂದು ಕೇಳಿದರು. ಏಳು ಮಂದಿ ಆಡುವ ಆಟವದು. ಯಾರಿಗೂ ಗೊತ್ತಾಗಬಾರದೆಂದು ಆರಿಸಿಕೊಂಡ ಆಟಕ್ಕೆ ಇನ್ನೂ ಆರು ಹುಡುಗಿಯರನ್ನು ಕರೆಯಬೇಕಾಗುತ್ತದೆ ಎಂಬುದು ಕಿಟಕಿ ಮುಚ್ಚಿ ಮಾತಾಡಿದ ಇಬ್ಬರಿಗೂ ಹೊಳೆದಿರಲಿಲ್ಲ.

ಅವ್ವ ಎದೆಗುಂದುವವಳಲ್ಲ. ಅಪಾಯವಿಲ್ಲದ ಹುಡುಗಿಯರನ್ನು ಹುಡುಕತೊಡಗಿದಳು. ಒಬ್ಬೊಬ್ಬರನ್ನೇ ಮನೆಗೆ ಕರೆದು, ಮುಂದೆ ಒಗ್ಗರಣೆ ಅವಲಕ್ಕಿ ಇಟ್ಟು, ಮೊದಲ ತುತ್ತು ಬಾಯಿಗಿಡುವಾಗಲೇ ಮುಂದೆ ಏನಾಗುತ್ತೀ ಎಂದು ಕೇಳುತ್ತಿದ್ದಳು. ಕಾಮರ್ಸ್ ಅಂದವಳು ಪಾಸು. ಪೊಲೀಸ್ ಅಂದವಳೂ ಪಾಸು. ಇನ್ನೂ ಗೊತ್ತಿಲ್ಲ ಅಂದವಳಿಗೆ ಅವಲಕ್ಕಿ ಮಾತ್ರ ಸಿಕ್ಕಿತು. ಹೀಗೆ ನನ್ನನ್ನೂ ಸೇರಿಸಿ ಆರು ಮಂದಿಯಾದೆವು. ಏಳನೆಯವಳಾಗಿ ಸರ್ ಕಳಿಸಿದವಳು ಕರುಣಾ.

ಕರುಣಾ ನಮ್ಮದೇ ತರಗತಿಯ ಬೇರೆ ವಿಭಾಗದ ಹುಡುಗಿ. ಮಿಶನ್ ಚರ್ಚಿನ ಹತ್ತಿರ ಅವರ ಮನೆ. ಎತ್ತರದ ಮೈಕಟ್ಟು, ಉದ್ದ ಕೈ. ಡ್ರಾಯಿಂಗ್ ಟೀಚರ್ ಆಗುತ್ತೇನೆ ಎಂದಳು. ಅವ್ವ ನಿರಾಳವಾಗಿ ಚಹಾ ಸೋಸುತ್ತ, ನಿನ್ನಮ್ಮ ಏನು ಮಾಡುತ್ತಾರೆಂದು ಸುಮ್ಮನೆ ಕೇಳಿದಳು. ಅಮ್ಮ ನರ್ಸ್. ಸೋಸುವ ಕೈ ನಿಂತಿತು. ನರ್ಸಿನ ಮಗಳು ಡ್ರಾಯಿಂಗ್ ಕಲಿಸುತ್ತಾಳೆಂದರೆ ಯಾರು ನಂಬುತ್ತಾರೆ? ಇನ್ನೊಂದು ತಟ್ಟೆ ಅವಲಕ್ಕಿ ಹಾಕಿ ಅವ್ವ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ಕರುಣಾ ಅದನ್ನೂ ತಿಂದು ಅದೇ ಉತ್ತರ ಕೊಟ್ಟಳು. ಬೇರೆ ಯಾರೂ ಸಿಗದ್ದರಿಂದ ಅವಳು ಉಳಿದಳು.

ದಿನಾ ಸಂಜೆ ಸಾಲೆಯ ಮೈದಾನದಲ್ಲಿ ಆಟ. ನೀರು ಚಿಮುಕಿಸಿದ ಮಣ್ಣಿನ ವಾಸನೆ, ಸುಣ್ಣದ ಗೆರೆ, ತುಕ್ಕು ಹಿಡಿದ ಕಂಬದ ತುದಿಗೆ ಚೆಂಡು ಹಾಕುವ ಬಳೆ. ಈ ಆಟದಲ್ಲಿ ಚೆಂಡು ಕೈಗೆ ಬಂದರೆ ಹಿಡಿದುಕೊಂಡು ಓಡುವಂತಿಲ್ಲ. ನಿಂತಲ್ಲೇ ನಿಂತು, ತಡಮಾಡದೆ ಇನ್ನೊಬ್ಬರಿಗೆ ಕೊಟ್ಟುಬಿಡಬೇಕು. ಮೊದಲ ವಾರ ನಾನು ಚೆಂಡನ್ನು ಎದೆಗವಚಿಕೊಂಡು ನಿಂತುಬಿಡುತ್ತಿದ್ದೆ. ನಮ್ಮ ಮನೆಯಲ್ಲಿ ಸಿಕ್ಕಿದ್ದನ್ನು ಯಾರಿಗೂ ಕೊಡುವ ರೂಢಿ ಇರಲಿಲ್ಲ ನೋಡಿ. ಆಗ ಕರುಣಾ ಎಲ್ಲಿಂದಲೋ ಕೈ ಮೇಲೆತ್ತಿ “ಪವೀ, ಇಲ್ಲೇ ಅದೇನಿ” ಎಂದು ಕೂಗುತ್ತಿದ್ದಳು. ನೋಡದೆ ಎಸೆದರೂ ಅವಳು ಅಲ್ಲಿರುತ್ತಿದ್ದಳು. ಆ ಸಂತೋಷವನ್ನು ಹೇಗೆ ಹೇಳಲಿ? ಆಡಿ ದಣಿದು ಎಲ್ಲರೂ ಒಂದೇ ಕಾಗದದ ಪೊಟ್ಟಣಕ್ಕೆ ಕೈಹಾಕಿ ಗಿರಮಿಟ್ ತಿನ್ನುವಾಗ ಸೀಟಿನ ವಿಷಯ ನನಗೆ ನೆನಪೇ ಆಗುತ್ತಿರಲಿಲ್ಲ. ಅದನ್ನು ನೆನಪಿಟ್ಟುಕೊಳ್ಳಲು ಅವ್ವ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು.

ಒಂದು ಸಂಜೆ ನನ್ನ ಕಾಲು ಉಳುಕಿತು. ಅವ್ವ ಮೆಟ್ಟಿಲು ಇಳಿದು ಬರುವಷ್ಟರಲ್ಲಿ ಕರುಣಾ ನನ್ನನ್ನು ಕೂರಿಸಿ, ಬೂಟು ಬಿಚ್ಚಿ, ತನ್ನ ಓಢಣಿಯನ್ನು ನೀರಲ್ಲಿ ಅದ್ದಿ ಕಾಲಿಗೆ ಬಿಗಿಯಾಗಿ ಸುತ್ತಿಯಾಗಿತ್ತು. ಊರಬೇಡ, ಎತ್ತರದ ಮೇಲಿಟ್ಟುಕೋ ಎಂದಳು. ಎರಡು ದಿನದಲ್ಲಿ ನೋವು ಇಳಿಯಿತು. ಅವ್ವನ ಸಂಶಯ ಏರಿತು.

“ಹೆಂಗ ಕಟ್ಯಾಳ ನೋಡ್ರಿ ಅಕಿ,” ಎಂದು ರಾತ್ರಿ ಊಟಕ್ಕೆ ಬಡಿಸುತ್ತ ಅಪ್ಪನಿಗೆ ಹೇಳಿದಳು. “ಡ್ರಾಯಿಂಗ್ ಕಲಿಸಾಕಿ ಕೈ ಅಲ್ಲ ಅದು. ನಮ್ಮ ಹುಡುಗಿ ಬೆನ್ನು ಹತ್ತಿ ಮ್ಯಾಲ ಹೋಗಿ, ನಮ್ಮ ಸೀಟ ಹಾರಸ್ತಾಳ.”

ಕರುಣಾಳನ್ನು ತೆಗೆಯಿರಿ ಎಂದು ಅವ್ವ ಸರ್ ಹತ್ತಿರ ಹೋಗಿ ಹೇಳಿದಳಂತೆ. ಧಾರವಾಡದಲ್ಲಿ ಜಿಲ್ಲೆಯ ಪಂದ್ಯ ಹತ್ತಿರ ಬಂದಿದೆ, ಆ ಹುಡುಗಿ ಇಲ್ಲದಿದ್ದರೆ ತಂಡವೇ ಇಲ್ಲ ಎಂದು ಸರ್ ಕೈಮುಗಿದರು. ನಾನು ಮಾತ್ರ ಕನಸಿನಲ್ಲೂ ಆ ಪಂದ್ಯ ಆಡುತ್ತಿದ್ದೆ. ಜೀವನದಲ್ಲಿ ಅಷ್ಟು ಬೇಕೆನಿಸಿದ್ದು ಅದಕ್ಕೆ ಮೊದಲು ಏನೂ ಇರಲಿಲ್ಲ.

ಪಂದ್ಯದ ಹಿಂದಿನ ದಿನ ಅಪ್ಪ ಕಾರ್ಖಾನೆಯಿಂದ ಬೇಗ ಬಂದ. ಮುಖ ಗಂಟಿಕ್ಕಿತ್ತು. ಬಲ್ಲವರನ್ನು ವಿಚಾರಿಸಿದ್ದನಂತೆ. ಜಿಲ್ಲೆ ಗೆದ್ದರೆ ಏನೂ ಸಿಗುವುದಿಲ್ಲ. ದೇಶದ ಪರವಾಗಿ ಆಡಿ ಬಂದವರೇ ಆ ಕೋಟಾದ ಸಾಲಿನಲ್ಲಿ ಮುಂದೆ ನಿಂತಿರುತ್ತಾರೆ. ಗೆಳೆಯ ಬೇಕೆಂದೇ ದಾರಿ ತಪ್ಪಿಸಿದ ಎಂದು ಅಪ್ಪ. ಅವನ ತಂಗಿಗೆ ಹೆಣ್ಣುಮಗಳಿರಬೇಕು, ವಿಚಾರಿಸಿ ಎಂದು ಅವ್ವ. ಆಟ ಬಂದ್, ನಾಳೆಯಿಂದ ಟ್ಯೂಷನ್ ಎಂದು ಇಬ್ಬರೂ. ಒಂದೇ ಒಂದು ದಿನ ಕಳಿಸಿರೆಂದು ನಾನು ಅತ್ತೆ, ಊಟ ಬಿಟ್ಟೆ. ಸಂಜೆಯೊಳಗೆ ಬೂಟು ಅಟ್ಟ ಸೇರಿತು.

ಸುದ್ದಿ ತಿಳಿದು ಕರುಣಾ ಮನೆಗೆ ಬಂದಳು. ಅವ್ವ ಗೇಟು ತೆರೆಯದೆ, ಪವಿಗೆ ಮತ್ತೆ ಕಾಲುನೋವು ಎಂದಳು. ಹಾಗಾದರೆ ಕಾಲು ನೋಡಲೇ ಎಂದು ಅವಳು ಕೇಳಿದ್ದೇ ತಡ, ನಾನು ಹೊರಗೆ ಓಡಿಬಂದು, ಕಾಲು ಚೆನ್ನಾಗಿದೆ, ಇವರು ಕಳಿಸುವುದಿಲ್ಲ ಎಂದುಬಿಟ್ಟೆ. ಅವ್ವ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದಳು.

“ಒಂದ ದಿನ ಕಳಸ್ರಿ ಕಾಕು,” ಕರುಣಾ ಬೇಡಿದಳು. “ಇಲ್ಲಂದ್ರ ಏಳ ಮಂದಿ ಆಗೂದಿಲ್ರಿ.”

“ಮದ್ಲ ಖರೇ ಹೇಳವಾ,” ಅವ್ವ ಗೇಟಿನ ಮೇಲೆ ಕೈಯಿಟ್ಟಳು. “ನೀ ಏನ ಆಗಾಕಿ?”

ಕರುಣಾ ಆಚೆಯಿಂದ ಗೇಟಿನ ಸರಳು ಹಿಡಿದಳು.

“ಅದೆಲ್ಲಾ ನನಗೊತ್ತಿಲ್ರಿ ಕಾಕು. ನನಗ ನಾಳೆ ಪವಿ ಜೋಡಿ ಆಡಬೇಕಾಗೇತಿ, ಅಷ್ಟ.”

ಅವ್ವ ನಂಬಲಿಲ್ಲ. ಗೇಟು ತೆರೆಯಲಿಲ್ಲ.

ಮರುದಿನ ಅವರು ಆರು ಮಂದಿಯೇ ಧಾರವಾಡಕ್ಕೆ ಹೋದರು. ಆರು ಮಂದಿಯಿದ್ದರೂ ಆಡಲು ಬಿಡುತ್ತಾರಂತೆ, ಆಡಿ ದೊಡ್ಡದಾಗಿ ಸೋತರಂತೆ. ಕರುಣಾ ಎರಡು ಸಲ ನನ್ನ ಖಾಲಿ ಜಾಗಕ್ಕೇ ಚೆಂಡು ಎಸೆದಳೆಂದು ಕಾಮರ್ಸ್ ಹುಡುಗಿ ಆಮೇಲೆ ನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ. ಸಾಲೆಯಲ್ಲಿ ಎದುರಾದಾಗ ಕರುಣಾ ಮಾತಾಡಿಸುತ್ತಿದ್ದಳು, ಆದರೆ ನಮ್ಮ ಓಣಿಗೆ ಮತ್ತೆ ಬರಲಿಲ್ಲ. ಹತ್ತನೆಯ ತರಗತಿ ಮುಗಿದ ಮೇಲೆ ಅವರು ಊರು ಬಿಟ್ಟರು. ಅವಳು ಏನಾದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಎದುರು ಮನೆಯ ಮೇಘನಾ ಮಾತ್ರ ನಿಜವಾಗಿಯೂ ಗೆಳತಿಯ ಮನೆಗೇ ಹೋಗುತ್ತಿದ್ದಳಂತೆ.

ನಾನು ನೀಟ್ ಬರೆದು, ಅಂಕದ ಮೇಲೆಯೇ ಸೀಟು ಪಡೆದು, ಈಗ ಇದೇ ಊರಿನಲ್ಲಿ ಡಾಕ್ಟರು. ಓಣಿಯಲ್ಲಿ ಸಂಜೆ ಆಡುವ ಮಕ್ಕಳು ಕಾಣುವುದಿಲ್ಲ. ಎಲ್ಲರೂ ಏನನ್ನೋ ಕಲಿಯಲು ಹೋಗಿರುತ್ತಾರೆ. ಮೊನ್ನೆ ಮಗಳ ಜ್ವರ ತೋರಿಸಲು ಬಂದ ತಾಯಿಯೊಬ್ಬಳು ಔಷಧಿ ಚೀಟಿ ತೆಗೆದುಕೊಂಡ ಮೇಲೂ ಏಳಲಿಲ್ಲ. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, ಮೆಡಿಕಲ್ ಸೀಟಿಗೆ ಯಾವ ಆಟ ಕಲಿಸಿದರೆ ಉಪಯೋಗ ಎಂದು ಕೇಳಿದಳು. ಮಗಳಿಗೆ ಯಾವುದು ಇಷ್ಟವೋ ಅದನ್ನು ಆಡಲಿ ಬಿಡಿ ಎಂದೆ.

ಆಕೆ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

“ನಿಮ್ಮನ್ಯಾಗೂ ಯಾರರ ನೀಟಿಗೆ ಓದಾಕತ್ತಾರೇನ್ರಿ ಡಾಕ್ಟರ?”

ಇಲ್ಲ ಎಂದೆ. ಆಕೆ ನಂಬಲಿಲ್ಲ. ನಾನು ಯಾವ ಮುಖದಿಂದ ಆಕೆಯನ್ನು ದೂರಲಿ? ಅವ್ವನ ಗೇಟಿನ ಒಳಗೇ ಬೆಳೆದವಳು ನಾನೂ. ಕರುಣಾಳ ನಂತರ ನನ್ನ ಬಳಿ ಪ್ರೀತಿಯಿಂದ ಬಂದ ಒಬ್ಬರನ್ನೂ, ಯಾಕೆ ಬಂದರು ಎಂದು ಮನಸ್ಸಿನಲ್ಲಿ ಕೇಳಿಕೊಳ್ಳದೆ ಒಳಗೆ ಕರೆದಿಲ್ಲ.