ಪಿಂಚಿನ್ನನ ಕಾಯ್ದೆ

ನಮ್ಮೂರಿನ ಉಣ್ಣೆಬಟ್ಟೆ ವ್ಯಾಪಾರಿ ಆಂಬ್ರೋಸ್ ಪಿಂಚಿನ್ ಕೂತಲ್ಲಿ ಕೂರುವ ಜೀವವಲ್ಲ. ಎದುರು ಸಿಕ್ಕವರ ತೋಳು ಹಿಡಿದು ಬಟ್ಟೆ ಉಜ್ಜಿ ನೋಡದಿದ್ದರೆ ಅವನ ಬೆರಳಿಗೆ ಸಮಾಧಾನವಿಲ್ಲ. ಒದ್ದೆ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಎಳೆದು ಉದ್ದ ಮಾಡಿ ಮಾರುವವರನ್ನು ಮಟ್ಟಹಾಕಲೆಂದೇ ಪಾರ್ಲಿಮೆಂಟಿಗೆ ಆರಿಸಿಹೋದ. ತಾನು ಎಳೆಯುವುದು ಮಾತ್ರ ಅವನ ಪ್ರಕಾರ ಸುಕ್ಕು ಬಿಡಿಸುವುದು.

ಇಂಥ ಚೌಕಟ್ಟುಗಳನ್ನು ನಿಷೇಧಿಸುವ ತನ್ನ ಮಸೂದೆಯ ದಿನ ಮಾತಾಡುತ್ತಲೇ ಪಕ್ಕದ ಸದಸ್ಯ ಸರ್ ಪಿಯರ್ಸ್‌ನ ತೋಳು ಉಜ್ಜಿದ.

"ನೋಡಿ ಸ್ವಾಮಿ, ಇದೇ ಆ ಮೋಸ! ಒಂದು ಮಳೆ ಬಿದ್ರೆ ಕುಗ್ಗಿ ಮೊಣಕೈಗೆ ಏರುತ್ತೆ. ಯಾವ ಕಳ್ಳ ಮಾರಿದ ನಿಮಗೆ?"

"ನೀವೇ ಕಣ್ರೀ, ಹೋದ ಈಸ್ಟರಿಗೆ!"

ಸಭೆ ಬಿದ್ದು ಬಿದ್ದು ನಕ್ಕು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಊರಿಗೆ ಬಂದವನು ಬೂಟನ್ನೂ ಕಳಚದೆ ಹಿತ್ತಿಲಿಗೆ ಓಡಿದ. ತಪಾಸಣೆಯವರು ಬರುವ ಮೊದಲು ತನ್ನ ಚೌಕಟ್ಟುಗಳನ್ನು ಸೌದೆ ಮಾಡಬೇಕಿತ್ತು.

ಎದುರಂಗಡಿಯವನಾದ ನಾನೂ ನೆರವಿಗೆಂದು ಕೊಡಲಿ ಹಿಡಿದು ಹೋದೆ.

"ಬಾರಯ್ಯಾ, ಬೇಗ," ಎಂದ, ಕೂರಲೂ ಹೇಳದೆ.