ತನಿಖೆ ಮಾಮನ ಆಯಿಲ್ ಅಂಗಡಿ

ಕೊನೆಯ ದಿನವೂ ನನ್ನ ಗಂಡ ಜಗಳವಾಡಿಕೊಂಡೇ ಇದ್ದರು. ಎದುರು ಸಾಲಿನ ದರ್ಜಿ ಕಾರಿಗೆ ಹಾಕಿ ಮಿಕ್ಕ ಆಯಿಲ್ಲಿನ ಡಬ್ಬಿ ಹಿಡಿದು ಬಂದಿದ್ದ. ಅದನ್ನು ಬೈಕಿಗೆ ಹಾಕಬೇಕಂತೆ.

"ಎರಡೂ ಪೆಟ್ರೋಲ್ ಗಾಡೀನೇ ಅಲ್ವಾ ಮಾಮ? ಹಾಕಿ."

"ಬೈಕಲ್ಲಿ ಕ್ಲಚ್ಚೂ ಅದೇ ಆಯಿಲಲ್ಲಿ ಮುಳುಗಿರುತ್ತೆ ಕಣಯ್ಯಾ. ಕಾರಿಂದು ಹಾಕಿದ್ರೆ ಜಾರುತ್ತೆ. ಇಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ."

"ಒಂದ್ಸಲ ಹಾಕಿದ್ರೆ ಏನಾಗುತ್ತೆ?"

"ನೀನು ಗೋಣಿಚೀಲದಲ್ಲಿ ನಂಗೊಂದು ಅಂಗಿ ಹೊಲಿದು ಕೊಡು. ಒಂದ್ಸಲ ಹಾಕ್ಕೋತೀನಿ. ಆಮೇಲೆ ಮಾತಾಡೋಣ."

ದರ್ಜಿ ನಕ್ಕು ಬೈಕಿನ ಆಯಿಲ್ಲನ್ನೇ ಹಾಕಿಸಿಕೊಂಡು ಹೋದ. ಸಂಜೆ ಇವರು ಶಟರ್ ಎಳೆದು ಹಿಂದಿನ ಮನೆಗೆ ಬಂದರು. ಸೋಪಿನ ಪುಡಿಯಲ್ಲಿ ಕೈ ಉಜ್ಜಿದರು. "ಉಗುರು ನೋಡಿ, ಇನ್ನೂ ಕಪ್ಪಗಿದೆ" ಎಂದೆ. "ಅದು ಹುಟ್ಟಿದಾಗಿಂದ್ಲೂ ಹಂಗೇ ಕಣೇ" ಎಂದರು. ಉಂಡರು, ಮಲಗಿದರು. ಬೆಳಿಗ್ಗೆ ಏಳಲಿಲ್ಲ. ಹೃದಯ ನಿಂತಿದೆ ಎಂದರು ಡಾಕ್ಟರು. ನಾನು ಪಕ್ಕದಲ್ಲೇ ಇದ್ದೆ, ಗೊತ್ತಾಗಲಿಲ್ಲ. ಈಗಲೂ ಹಾಸಿಗೆಯ ಆ ಬದಿಗೆ ಹೊರಳುವುದಿಲ್ಲ.

ಎಲ್ಲರೂ ಅವರನ್ನು ತನಿಖೆ ಮಾಮ ಎನ್ನುತ್ತಿದ್ದರು. ಮೊದಲು ಬಂಕಿನಲ್ಲಿ ಗಾಡಿ ತೊಳೆಯುತ್ತಿದ್ದವರು. ಆಮೇಲೆ ಗ್ಯಾರೇಜಿನಲ್ಲಿ ಕೆಲಸ ಕಲಿತು, ಟ್ಯಾಕ್ಸಿ ಸ್ಟ್ಯಾಂಡಿನ ಪಕ್ಕ ಈ ಅಂಗಡಿ ಇಟ್ಟರು. ಆಯಿಲ್ ಕೇಳಿದರೆ ಡಬ್ಬಿಗೆ ಕೈ ಹಾಕುವ ಮೊದಲು ಪ್ರಶ್ನೆ ಶುರು. ಪೆಟ್ರೋಲೋ ಡೀಸೆಲ್ಲೋ? ಹಳೆಯದೋ ಹೊಸದೋ? ಭಾರ ಹೊರುತ್ತೋ, ಪೇಟೆಗೆ ಹೋಗಿ ಬರುವುದಷ್ಟೋ? ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಏನು ಬರೆದಿದೆ? ಡೀಸೆಲ್ ಆದರೆ ಇನ್ನೊಂದು: ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆಯೋ? ಅವಸರದವರು ರೇಗುತ್ತಿದ್ದರು. ಇವರು ಜಗ್ಗುತ್ತಿರಲಿಲ್ಲ.

ಅವರು ಉಣ್ಣುವಾಗ ಅಂಗಡಿಯಲ್ಲಿ ನಾನು ಕೂರುತ್ತಿದ್ದೆ. ನಾನು ಓದಿದ್ದು ಕಡಿಮೆ. ಡಬ್ಬಿಯ ಮೇಲಿನ ಅಂಕಿಗಳನ್ನು ಅವರೇ ಹೇಳಿಕೊಟ್ಟರು. ಮೊದಲನೆಯದು ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವುದಕ್ಕೆ. ಎರಡನೆಯದು ಕಾದ ಮೇಲೆ ಎಷ್ಟು ಮಂದವಾಗಿ ಉಳಿಯುತ್ತದೆ ಎನ್ನುವುದಕ್ಕೆ.

ಅವರು ಹೋದ ಮೇಲೆ ಅಂಗಡಿಯಲ್ಲಿ ನನ್ನ ಮೈದುನ ಕೂತ. ದುಃಖದಲ್ಲಿ ಮಲಗಿಬಿಟ್ಟಿದ್ದ ನಾನು ಎದ್ದು ಹೊರಗೆ ಬಂದ ದಿನ ಅವನು ಹೇಳಿದ: "ಅತ್ತಿಗೆ, ಟಯರ್ ಅಂಗಡಿಯವರು ಜಾಗ ಕೇಳ್ತಿದಾರೆ. ಕೊಟ್ಬಿಡೋಣ. ನೀವು ಕೂತ್ರೆ ಟ್ಯಾಕ್ಸಿಯವರು ಬರ್ತಾರಾ?"

"ಬರದಿದ್ರೆ ಕೊಡೋಣ" ಎಂದೆ. ಆ ಅಂಗಡಿ ಬಿಟ್ಟರೆ ನನಗೆ ಬೇರೆ ಬದುಕು ಗೊತ್ತಿಲ್ಲ.

ಮಾರನೆಯ ದಿನವೇ ಟ್ಯಾಕ್ಸಿಯವರು ಬಂದರು, ಜಗಳಕ್ಕೆ. ಮುಂದೆ ಮೀಸೆಯ ಡ್ರೈವರ್, ಕೈಯಲ್ಲಿ ಆಯಿಲ್ ನೋಡುವ ಕಡ್ಡಿ.

"ಏನಕ್ಕಾ ಇದು? ಮೊನ್ನೆ ಹಾಕಿಸಿದ್ದು, ಆಗ್ಲೇ ಕಾಡಿಗೆ ಥರ ಕಪ್ಪಾಗಿದೆ. ಮಾಮ ಇಲ್ಲ ಅಂತ ಹಳೇದನ್ನ ಸೋಸಿ ಹಾಕಿದ್ರಾ?"

"ಇಷ್ಟು ದಿನ ನೀನು ಓಡಿಸ್ತಿದ್ದದ್ದು ಪೆಟ್ರೋಲ್ ಕಾರಲ್ವಾ?"

"ಹೌದು. ಅದ್ರಲ್ಲಿ ಜೇನುತುಪ್ಪದ ಹಾಗಿರೋದು."

"ಇದು ಡೀಸೆಲ್. ಮಸಿ ಜಾಸ್ತಿ. ಆ ಮಸಿ ಇಂಜಿನ್ನಿಗೆ ಅಂಟದ ಹಾಗೆ ಹೊತ್ಕೊಳ್ಳೋದೇ ಆಯಿಲ್ಲಿನ ಕೆಲಸ. ನೆಲ ಒರೆಸಿದ ಬಟ್ಟೆ ಬೆಳ್ಳಗಿದ್ರೆ ಏನರ್ಥ? ಒರೆಸಿಲ್ಲ ಅಂತ."

ಹಿಂದೆ ನಿಂತಿದ್ದ ಮುದುಕ ಡ್ರೈವರ್ ನಕ್ಕ. "ನಾನೂ ಅದನ್ನೇ ಬಡ್ಕೊಂಡೆ. ಮೀಸೆ ಕೇಳ್ಬೇಕಲ್ಲ!" ಎಲ್ಲರೂ ನಕ್ಕರು. ಮೈದುನ ಎದೆ ಉಬ್ಬಿಸಿದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಾರು ಹೊಸದು. ಮೈದುನನನ್ನು ಪಕ್ಕಕ್ಕೆ ಕರೆದೆ. "ಮಸಿ ಹಿಡಿಯೋ ಫಿಲ್ಟರ್ ಇದೆಯಾ ಅಂತ ಕೇಳಿದ್ಯಾ?"

"ಡೀಸೆಲ್ ಅಂದ. ಡೀಸೆಲ್ಲಿಂದು ಕೊಟ್ಟೆ."

ಕಾರಿನಿಂದ ಪುಸ್ತಕ ತರಿಸಿದೆ. ಸಾಲಿನ ಮೇಲೆ ಬೆರಳಿಟ್ಟು ಓದಿದೆ. ಫಿಲ್ಟರ್ ಇತ್ತು. ಅದಕ್ಕೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಆಗಬೇಕು. ಇವನು ಹಾಕಿದ್ದು ಹಳೆಯ ಲಾರಿಗಳಿಗೆ ಇಟ್ಟಿದ್ದು.

"ಅತ್ತಿಗೆ, ಸುಮ್ನಿರಿ. ಅವನೇ ಒಪ್ಕೊಂಡಿದಾನೆ" ಎಂದು ಪಿಸುಗುಟ್ಟಿದ.

ಹೇಳಿದರೆ ಸ್ಟ್ಯಾಂಡಿನವರೆಲ್ಲ ಕೈಬಿಡಬಹುದು. ಅಂಗಡಿ ಟಯರಿನವರ ಪಾಲು. ಹೇಳದಿದ್ದರೆ ಫಿಲ್ಟರಿನಲ್ಲಿ ನಿಧಾನವಾಗಿ ಬೂದಿ ಕಟ್ಟುತ್ತದೆ. ಅದು ಕೆಡುವ ಹೊತ್ತಿಗೆ ಯಾರಿಗೂ ನಮ್ಮ ನೆನಪು ಬರುವುದಿಲ್ಲ.

ಹೇಳಿದೆ. "ಕಪ್ಪಾಗಿದ್ದು ತಪ್ಪಲ್ಲ. ಆದ್ರೆ ಈ ಆಯಿಲ್ ನಿನ್ನ ಕಾರಿಗೆ ಆಗಲ್ಲ. ತಪ್ಪು ನಮ್ಮದು. ಇಳಿಸಿ ಬೇರೆ ಹಾಕ್ತೀನಿ."

"ಈಗ ತಾನೇ ಸರಿ ಅಂದ್ರಲ್ಲಕ್ಕಾ!"

"ಬಣ್ಣ ಸರಿ ಅಂದೆ."

ಈ ಸಲ ಯಾರೂ ನಗಲಿಲ್ಲ. ನಾನೇ ಕಾರಿನಡಿ ಬೋಗುಣಿ ಇಟ್ಟು ತಿರುಪು ಬಿಚ್ಚಿದೆ. ಆಯಿಲ್ ಪೂರಾ ಇಳಿಯುವವರೆಗೆ ಅಲ್ಲೇ ಕೂತೆ. ಹೊಸ ಆಯಿಲ್ಲು, ಹೊಸ ಆಯಿಲ್ ಫಿಲ್ಟರ್ ಹಾಕಿದೆ. ಮೀಸೆಯವನು ಕಾರು ಹತ್ತಿ ಹೊರಟುಹೋದ. ಮೈದುನ ನನ್ನ ಮುಖ ನೋಡಲಿಲ್ಲ.

ಮರುದಿನ ಶಟರ್ ಎತ್ತುವ ಮೊದಲೇ ಮೀಸೆಯವನು ಬಾಗಿಲು ಬಡಿದ.

"ಅಕ್ಕಾ, ನನ್ನ ತಮ್ಮನ ಗಾಡೀನೂ ನೋಡ್ಬಿಡಿ. ಅವನಿಗೂ ನಿಮ್ಮ ಮೈದುನನೇ ಹಾಕಿದ್ದು."

"ನನ್ನದೂ" ಎಂದ ಅವನ ಹಿಂದೆಯೇ ಬಂದಿದ್ದ ಮುದುಕ ಡ್ರೈವರ್. "ನಂಗೆ ನಂಬಿಕೆ ಇದೆ. ಆದ್ರೂ ನೋಡಿ."

ಎಲ್ಲವನ್ನೂ ನೋಡಿದೆ. ಇನ್ನೊಂದರಲ್ಲೂ ತಪ್ಪು ಸಿಕ್ಕಿತು, ಅದನ್ನೂ ಬದಲಿಸಿದೆ. ಜಾಗ ಕೊಡುವುದಿಲ್ಲ ಎಂದು ಟಯರಿನವರಿಗೆ ಮೈದುನನೇ ಹೇಳಿ ಬಂದ.

ಈಗ ಬೆಳಿಗ್ಗೆ ಬಾಡಿಗೆ ಶುರುವಾಗುವ ಮೊದಲು, ಇಂಜಿನ್ ತಣ್ಣಗಿರುವಾಗಲೇ, ಬಟ್ಟೆಯ ಚೂರು ಹಿಡಿದು ಸ್ಟ್ಯಾಂಡಿಗೆ ಹೋಗುತ್ತೇನೆ. ಒಂದೊಂದೇ ಕಾರಿನ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡುತ್ತೇನೆ. ಕಡಿಮೆ ಇದ್ದವರಿಗೆ ಹೇಳುತ್ತೇನೆ. ಸಾಲು ಮುಗಿದ ಮೇಲೆ ಬಂದು ಅಂಗಡಿ ತೆಗೆಯುತ್ತೇನೆ.